ಕೈ ಯಾರದು?

ನವೆಂಬರ್ 14, ಕೊಪ್ಪ

ಶಾಲೆ ಬಿಟ್ಟ ಮೇಲೆ ಚಿತ್ರಕಾರ ಡೇವಿಡ್ ವಿಲ್ಕಿಯ ಟಿಪ್ಪು ಸುಲ್ತಾನ್ ಚಿತ್ರ ನೋಡುತ್ತ ಕೂತೆ. 1839ರದು, ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಎರಡು ವರ್ಷವಾಗಿತ್ತು. ಎತ್ತರ 11 ಅಡಿಗೂ ಮಿಕ್ಕಿ, ಮೂಲ ಎಡಿನ್‌ಬರೋದಲ್ಲಿದೆ. ಬರೆಸಿದ್ದು ಶ್ರೀರಂಗಪಟ್ಟಣ ಗೆದ್ದ ಬ್ರಿಟಿಷ್ ಜನರಲ್ ಬೇರ್ಡ್‌ನ ವಿಧವೆ. ದೀಪದ ಬೆಳಕಲ್ಲಿ ಬೇರ್ಡ್ ಸೆಟೆದು ನಿಂತಿದ್ದಾನೆ, ಕೆಳಗೆ ಸುಲ್ತಾನನ ಶವ. ಬೇರ್ಡ್‌ನ ಕಾಲಡಿ ಒಂದು ಕಂಬಿಕಿಂಡಿ: ಹಿಂದೆ ಅವನೇ ಹೆಚ್ಚುಕಡಿಮೆ ನಾಲ್ಕು ವರ್ಷ ಸೆರೆಯಿದ್ದ ಜಾಗದ ಗುರುತು. ಬರೆಸಿದವರ ಮನಸ್ಸು ಆ ಕಿಂಡಿಯಲ್ಲೇ ತಿಳಿಯುತ್ತದೆ.

ವಿಲ್ಕಿ ಹಿಂದೂಸ್ತಾನ ಕಂಡವನಲ್ಲ. ಮಾದರಿಗಳನ್ನು ನಿಲ್ಲಿಸಿ, ಕೂರಿಸಿ, ಮೊದಲು ಚಾಕ್‌ನಲ್ಲಿ ಅಭ್ಯಾಸ ಮಾಡಿಕೊಂಡ. ಆ ಕಾಲದವರು ಬಣ್ಣದ ಕಾಗದವನ್ನೇ ನಡುವಣ ಛಾಯೆ ಮಾಡಿಕೊಂಡು, ನೆರಳಿಗೆ ಕಪ್ಪು, ಬೆಳಕಿಗೆ ಬಿಳಿ, ಮೈಗೆ ಕೆಂಪು ಹಾಕುತ್ತಿದ್ದರು. ಎಣ್ಣೆಬಣ್ಣದಂತೆ ಒಣಗಲು ಕಾಯಬೇಕಿಲ್ಲ. ತೋಳು ಸರಿಬಾರದಿದ್ದರೆ ಪಕ್ಕದಲ್ಲೇ ಇನ್ನೊಂದು. ಒಪ್ಪಿಗೆಯಾದದ್ದಕ್ಕೆ ಚೌಕ ಎಳೆದು ಕ್ಯಾನ್ವಾಸಿಗೆ ಏರಿಸುವುದು.

ನವೆಂಬರ್ 16, ಶೃಂಗೇರಿ

ವಿದ್ಯಾಶಂಕರ ಗುಡಿಯ ರಾಶಿಕಂಬಗಳನ್ನು ಬರೆಯಲು ಬಂದವನು ಟಿಪ್ಪುವಿನ ಗುಂಗಲ್ಲೇ ಇದ್ದೆ. 1791ರಲ್ಲಿ ಮರಾಠರ ದಂಡು ಮಠ ಲೂಟಿ ಮಾಡಿದಾಗ ದೇವಿಯ ಮರುಪ್ರತಿಷ್ಠೆಗೆ ನೆರವು ಕೊಡಿಸಿದವನೂ ಅವನೇ. ಮಠದ ಸ್ವಾಮಿಗಳಿಗೆ ಅವನು ಕನ್ನಡದಲ್ಲಿ ಬರೆಸಿದ ಕಾಗದಗಳು 1916ರಲ್ಲಿ ಮೈಸೂರಿನ ಪುರಾತತ್ವ ಅಧಿಕಾರಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ಆ ಕಾಗದಗಳೂ ಚಾಕ್ ಅಭ್ಯಾಸಗಳ ಹಾಗೆ, ಕೆಲಸ ನಡೆಯುತ್ತಿದ್ದಾಗಿನವು. ಗೆದ್ದವರು ಸೋತವರು ಎಂಬ ವಿಂಗಡಣೆ ದೊಡ್ಡ ಚಿತ್ರದ ಪಾಲಿನದು.

ನವೆಂಬರ್ 19, ನರಸಿಂಹರಾಜಪುರ

ಭಾವನ ಮನೆಯಲ್ಲಿ ಅಡಿಕೆ ಸುಲಿತ. ರಾತ್ರಿ ಬಲ್ಬಿನಡಿ ಸಾಲಾಗಿ ಮೆಟ್ಟುಗತ್ತಿಗಳು. ಪುಸ್ತಕಕ್ಕೆ ಬೈಂಡ್ ಹಾಕುವ ಖಾಕಿ ಕಾಗದ, ಒಲೆಯ ಇದ್ದಿಲು, ಶಾಲೆಯ ಸೀಮೆಸುಣ್ಣ, ಒಂದು ತುಂಡು ಕೆಮ್ಮಣ್ಣು ಇಟ್ಟುಕೊಂಡು ಕೂತೆ. ಕೈಗಳು ನಿಲ್ಲುವುದೇ ಇಲ್ಲ. ಬಲ ಹೆಬ್ಬೆರಳು ಸಿಪ್ಪೆ ಒತ್ತುವ ಗಳಿಗೆ ಮಾತ್ರ ಒಂಚೂರು ಸಿಕ್ಕಿತು. ಉಗುರಿನ ಅಡಿಕೆ ಕರೆಗೆ ಇದ್ದಿಲಿನ ಮೇಲೆ ಕೆಮ್ಮಣ್ಣು ತಿಕ್ಕಿದೆ.

ಸುಲಿಯಲು ಬಂದಿದ್ದ ಅಕ್ಕ ಒಬ್ಬರು ಬಗ್ಗಿ ನೋಡಿ, “ಮೇಷ್ಟ್ರೇ, ಮುಖ ಇಲ್ದೆ ಬರೀ ಕೈ ಬರೆದ್ರೆ ಯಾರ್ದು ಅಂತ ಹೆಂಗೆ ಗೊತ್ತಾಗ್ಬೇಕು?” ಅಂದರು.

ಲಂಡನ್ನಿನಲ್ಲಿ ವಿಲ್ಕಿಯ ಎದುರು ನಿಂತವರು ಕ್ಯಾನ್ವಾಸಿನಲ್ಲಿ ಸಿಪಾಯಿಯೋ ಸುಲ್ತಾನನೋ ಆಗಿಬಿಟ್ಟರು. ಚಾಕ್‌ನಲ್ಲಿ ಇನ್ನೂ ಅವರಾಗಿಯೇ ಇದ್ದರು.

ಅಕ್ಕನ ಹೆಸರು ಕೇಳಿ ಕಾಗದದ ಮೂಲೆಯಲ್ಲಿ ಬರೆದೆ. ಸೋಮವಾರದಿಂದ ಎಂಟನೇ ಕ್ಲಾಸಿಗೂ ಇದೇ ಕಟ್ಟಳೆ: ಯಾರನ್ನು ನೋಡಿ ಬರೆದಿರೋ ಅವರ ಹೆಸರಿಲ್ಲದೆ ಚಿತ್ರಕ್ಕೆ ಅಂಕವಿಲ್ಲ.