ಚಿನ್ನದ ಹಾದಿಯಲ್ಲಿ ಒಂದು ಹಳೆಯ ಜಾವಾ

ಬೆಂಗಳೂರಿನಿಂದ ಚೆನ್ನೈಯತ್ತ ಸಾಗುವ ರೈಲುಮಾರ್ಗದಲ್ಲಿ ಬಂಗಾರಪೇಟೆ ಒಂದು ಕೂಡುನಿಲ್ದಾಣ. ಹೆಸರು ಕೇಳಿದವರು ಬಂಗಾರ ದೊರೆತದ್ದು ಇಲ್ಲಿಯೇ ಎಂದು ಭಾವಿಸುವುದು ಸಹಜ. ಆದರೆ ಊರಿನ ಹಿಂದಿನ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗರ ನೆನಪಿಗೆ ಇಟ್ಟ ಹೆಸರದು. ಬಂಗಾರವಿದ್ದುದು ಇಲ್ಲಿಂದ ಇನ್ನೂ ಆಚೆಗೆ. ಅಲ್ಲಿಗೆ 1894ರಲ್ಲಿ ತೆರೆದ ಕವಲುದಾರಿ ಕೋರಮಂಡಲ, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ, ಸುಮಾರು 16 ಕಿಲೋಮೀಟರು ಸಾಗಿ, ಮಾರಿಕುಪ್ಪದಲ್ಲಿ ಮುಗಿಯುತ್ತದೆ.

ರೈಲಿನಲ್ಲಿ ಕುಳಿತವನಿಗೂ ರಸ್ತೆ ಹಿಡಿದವನಿಗೂ ಗಣಿಯ ಸೀಮೆ ಬಂದಿತೆಂದು ಸಾರುವುವು ಆ ಬೂದುಬಣ್ಣದ ದಿಬ್ಬಗಳು. ಬಂಡೆಯನ್ನು ಪುಡಿಮಾಡಿ, ಸೈನೈಡಿನ ನೆರವಿನಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಮಣ್ಣು ಅದು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಇಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ತಂತಿಯಲ್ಲಿ ಹರಿದುಬಂದು ಗಣಿಯ ಯಂತ್ರಗಳನ್ನು ನಡೆಸತೊಡಗಿತು. ಚಾಂಪಿಯನ್ ರೀಫ್ ಗಣಿ ನೆಲದ ಕೆಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದುವು. 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದುವು. 2001ರ ಫೆಬ್ರುವರಿ 28ರಂದು ಕೆಲಸ ನಿಂತಿತು. ಅಷ್ಟರಲ್ಲಿ ಈ ನೆಲ ಕೊಟ್ಟಿದ್ದ ಚಿನ್ನ ಸುಮಾರು 800 ಟನ್ನು.

ಗಣಿ ನಿಂತರೂ ಹೊಟ್ಟೆ ನಿಲ್ಲಲಿಲ್ಲ. ನಸುಕಿನಲ್ಲೆದ್ದು, ರೈಲು ಹಿಡಿದು, ಬೆಂಗಳೂರಿಗೆ ದುಡಿಯಲು ಹೋಗಿ, ಇರುಳಿಗೆ ಮರಳುವುದು ಇಲ್ಲಿನ ಎಷ್ಟೋ ಮನೆಗಳ ದಿನಚರಿ. ನಿಲ್ದಾಣದವರೆಗಿನ ದಾರಿಗೆ ಹಲವರಿಗೆ ಮೋಟಾರ್ ಸೈಕಲೇ ಆಧಾರ. ಅವುಗಳ ನಡುವೆ ಒಮ್ಮೊಮ್ಮೆ ನೀಲಿ ಹೊಗೆಯುಗುಳುತ್ತ, ಟಪಟಪನೆ ಸದ್ದುಮಾಡುತ್ತ ಬರುವ ಹಳೆಯ ಜಾವಾ ಒಂದು ಕಣ್ಣಿಗೆ ಬಿದ್ದರೆ ಅದು ಮೈಸೂರಿನ ಕೂಸು. ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ ಈ ವಾಹನ 1973ರಿಂದ ಯೆಜ್ಡಿ ಎಂಬ ಹೆಸರು ಪಡೆಯಿತು. ಆ ಕಾರ್ಖಾನೆಯೂ 1996ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂದಿತಾದರೂ ಆ ಯಂತ್ರವೇ ಬೇರೆ.

ಹೀಗೆ ಹೆತ್ತ ಮನೆಯನ್ನು ಕಳೆದುಕೊಂಡ ಯಂತ್ರವನ್ನು ಯಾರು ನೋಡಿಕೊಳ್ಳಬೇಕು? ಇದಕ್ಕೆ ಉತ್ತರ ಗಣಿಯ ಊರಿನಲ್ಲಿಯೇ ಉಂಟು.

ತಂದೆಯ ಕಾಲದ ಜಾವಾ ಏರಿ ಒಬ್ಬ ತರುಣನು ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆಯ ಕಡೆಗೆ ಹೊರಟಿರುವನೆಂದು ಇಟ್ಟುಕೊಳ್ಳೋಣ. ಏರು ಬಂದೊಡನೆ ಎಂಜಿನ್ನು ಅಬ್ಬರಿಸುತ್ತದೆ; ಗಾಡಿ ಮಾತ್ರ ಮುಂದಕ್ಕೆ ನುಗ್ಗದು. ಅವನು ಪೇಟೆಯ ಮೂಲೆಯಲ್ಲಿ ಕೆಲಸ ಮಾಡುವ ವಯೋವೃದ್ಧ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗುತ್ತಾನೆ.

"ಕ್ಲಚ್ ಪ್ಲೇಟು ಹೋಗಿವೆ ಮೇಸ್ತ್ರಿಗಳೇ, ಹೊಸದು ಹಾಕಿಬಿಡಿ."

"ನಿಧಾನಿಸು ತಮ್ಮಾ. ಹೋಗಿವೆಯೋ ಇಲ್ಲವೋ ಆಮೇಲೆ ನೋಡೋಣ. ಮೊದಲು ಆ ಕೇಬಲ್ಲು ನೋಡು."

ಆ ಒಂದು ಮಾತಿನಲ್ಲಿ ವಿದ್ಯೆಯೆಲ್ಲ ಅಡಗಿದೆ. ಗಣಿಯಲ್ಲಿ ಜನರನ್ನೂ ಅದಿರನ್ನೂ ಮೇಲಕ್ಕೆತ್ತುವ ಯಂತ್ರವನ್ನು, ಅದರ ಹಗ್ಗವನ್ನು ಪ್ರತಿದಿನವೂ ಪರೀಕ್ಷಿಸಬೇಕೆಂಬುದು ನಿಯಮ. ಬಿಚ್ಚುವುದು ಆಮೇಲೆ, ನೋಡುವುದು ಮೊದಲು. ಎರಡು ಉರುಳೆಗಳ ಎತ್ತುಯಂತ್ರದಲ್ಲಿಯೂ ಕ್ಲಚ್ಚು ಉಂಟು. ಬೇರೊಂದು ಆಳದಿಂದ ಎತ್ತಬೇಕಾದಾಗ ಒಂದು ಉರುಳೆಯನ್ನು ಬ್ರೇಕಿನಿಂದ ಹಿಡಿದು, ಕ್ಲಚ್ಚು ಬಿಡಿಸಿ, ಇನ್ನೊಂದನ್ನು ಮಾತ್ರ ತಿರುಗಿಸಿ ಹಗ್ಗದ ಉದ್ದವನ್ನು ಹೊಂದಿಸುತ್ತಾರೆ. ಶಕ್ತಿಯನ್ನು ಬೇಕಾದಾಗ ಕೂಡಿಸುವುದು, ಬೇಡವಾದಾಗ ಬಿಡಿಸುವುದು — ಗಣಿಯಲ್ಲಾಗಲಿ ಗಾಡಿಯಲ್ಲಾಗಲಿ ಕ್ಲಚ್ಚಿನ ಧರ್ಮ ಇದೇ.

ಜಾವಾದಲ್ಲಿ ಎಣ್ಣೆಯೊಳಗೆ ಮುಳುಗಿದ ಒಂದು ಬಟ್ಟಲು. ಅದರೊಳಗೆ ಉಜ್ಜುಪಟ್ಟಿಯುಳ್ಳ ಪ್ಲೇಟು, ಉಕ್ಕಿನ ಪ್ಲೇಟು, ಒಂದಾದಮೇಲೊಂದು. ಸ್ಪ್ರಿಂಗುಗಳು ಅವನ್ನು ಬಿಗಿಯಾಗಿ ಒತ್ತಿಹಿಡಿದಾಗ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುತ್ತದೆ. ಕೈಲಿವರನ್ನು ಎಳೆದಾಗ ಕೇಬಲ್ಲಿನ ಮೂಲಕ ಒಂದು ಸಣ್ಣ ಸಲಾಕೆ ಒತ್ತಡದ ತಟ್ಟೆಯನ್ನು ಎತ್ತುತ್ತದೆ, ಪ್ಲೇಟುಗಳು ಬಿಡುತ್ತವೆ. ಆದುದರಿಂದ ರೋಗಗಳೂ ಎರಡೇ: ಹಿಡಿಯಬೇಕಾದಾಗ ಜಾರುವುದು, ಬಿಡಬೇಕಾದಾಗ ಅಂಟಿಕೊಳ್ಳುವುದು.

ತರುಣನ ಗಾಡಿಗೆ ಬಂದದ್ದು ಮೊದಲನೆಯದು. ಮೇಸ್ತ್ರಿ ಕೈಲಿವರನ್ನು ಬೆರಳಿನಿಂದ ಅಲುಗಿಸುತ್ತಾನೆ. ಅದು ಎಳೆತಕ್ಕೆ ಸಿಕ್ಕುವ ಮುನ್ನ ಎರಡು ಮೂರು ಮಿಲಿಮೀಟರಿನಷ್ಟು ಸಡಿಲವಿರಬೇಕು. ಸಡಿಲವೇ ಇಲ್ಲದಿದ್ದರೆ ಲಿವರ್ ಬಿಟ್ಟಾಗಲೂ ಸಲಾಕೆ ತಟ್ಟೆಯನ್ನು ತುಸು ಎತ್ತಿಯೇ ಹಿಡಿದಿರುತ್ತದೆ. ಪ್ಲೇಟುಗಳು ಜಾರಿ, ಕಾದು, ಸವೆಯುತ್ತವೆ. ತಿರುಪನ್ನು ತಿರುಗಿಸಿ ಸಡಿಲ ಕೊಡುವುದು ಕೆಲವೇ ನಿಮಿಷಗಳ ಕೆಲಸ. ಅದರಿಂದ ಗುಣ ಕಾಣದಿದ್ದರೆ ಎಣ್ಣೆಯ ವಿಚಾರ. ಘರ್ಷಣೆ ತಗ್ಗಿಸುವ ದ್ರವ್ಯ ಬೆರೆಸಿದ ಇಂದಿನ ಕಾರಿನ ಎಣ್ಣೆಯನ್ನು ಸುರಿದರೆ ಒಳ್ಳೆಯ ಪ್ಲೇಟೂ ಜಾರೀತು. ಎಣ್ಣೆಯೂ ಸರಿಯಿದ್ದರೆ ಮಾತ್ರ ಮುಚ್ಚಳ ತೆಗೆದು ಪ್ಲೇಟುಗಳ ದಪ್ಪವನ್ನೂ ಸ್ಪ್ರಿಂಗುಗಳ ಉದ್ದವನ್ನೂ ನೋಡಬೇಕು. ಹಳೆಯ ಸ್ಪ್ರಿಂಗುಗಳ ನಡುವೆ ಹೊಸದೊಂದನ್ನು ಸೇರಿಸುವುದು ಉಳಿತಾಯವಲ್ಲ. ಒತ್ತಡ ಸಮನಾಗಿರದೆ ತಟ್ಟೆ ಓರೆಯಾಗುತ್ತದೆ.

ಎರಡನೆಯ ರೋಗದ ಲಕ್ಷಣವೇ ಬೇರೆ. ಲಿವರನ್ನು ಪೂರ್ತಿ ಎಳೆದರೂ ಗಾಡಿ ಮುಂದಕ್ಕೆ ತೆವಳುತ್ತದೆ. ಗೇರು ಗರಗರನೆ ಬೀಳುತ್ತದೆ. ನಿಂತಾಗ ನ್ಯೂಟ್ರಲ್ ಸಿಕ್ಕುವುದಿಲ್ಲ. ಇದಕ್ಕೂ ಮೊದಲ ಅನುಮಾನ ಕೇಬಲ್ಲಿನ ಮೇಲೆಯೇ. ಸಡಿಲ ಹೆಚ್ಚಾಗಿದ್ದರೆ, ಎಳೆ ಬಿಚ್ಚಿಕೊಂಡಿದ್ದರೆ, ಹೊದಿಕೆಯೊಳಗೆ ಒಣಗಿ ತುಕ್ಕು ಹಿಡಿದಿದ್ದರೆ ಎಳೆತವೆಲ್ಲ ದಾರಿಯಲ್ಲಿಯೇ ಕರಗಿಹೋಗುತ್ತದೆ. ಬಹಳ ದಿನ ನಿಂತ ಗಾಡಿಯಲ್ಲಿ ಪ್ಲೇಟುಗಳು ಎಣ್ಣೆಯ ಜಿಡ್ಡಿನಿಂದ ಅಂಟಿಕೊಂಡಿರುವುದುಂಟು. ಆಗ ಎಂಜಿನ್ನು ನಿಲ್ಲಿಸಿ, ಗೇರು ಹಾಕಿ, ಲಿವರನ್ನು ಹಿಡಿದೆಳೆದು ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ದೂಡಿದರೆ ಅವು ಬಿಟ್ಟುಕೊಳ್ಳುತ್ತವೆ. ಹಾಗೂ ಬಿಡದಿದ್ದರೆ ಒಳಗಿನ ಪರೀಕ್ಷೆ: ಉಕ್ಕಿನ ಪ್ಲೇಟನ್ನು ಕನ್ನಡಿಯ ಗಾಜಿನ ಮೇಲಿಟ್ಟು ಸೊಟ್ಟಗಿದೆಯೇ ಎಂದು ನೋಡುವುದು, ಬಟ್ಟಲಿನ ಸೀಳುಗಳಲ್ಲಿ ಪ್ಲೇಟಿನ ಕಿವಿಗಳು ಕೊರೆದ ಕಚ್ಚುಗಳಿದ್ದರೆ ಅರದಿಂದ ಹಗುರವಾಗಿ ಸವರುವುದು, ಸಲಾಕೆಯ ತುದಿ ಸವೆದಿದೆಯೇ ಎಂದು ತಡವಿ ನೋಡುವುದು.

ಹಳೆಯ ಜಾವಾದಲ್ಲಿ ಇನ್ನೊಂದು ಚಮತ್ಕಾರವುಂಟು. ಕಾಲಿನಿಂದ ಗೇರನ್ನು ಒತ್ತಿದಾಗ ಕ್ಲಚ್ಚು ತಾನಾಗಿಯೇ ಬಿಡುತ್ತದೆ; ಅದೇ ಲಿವರನ್ನು ಮಡಿಸಿ ಎಂಜಿನ್ನನ್ನು ಚಾಲೂ ಮಾಡುವ ಕಿಕ್ಕರ್ ಆಗಿಯೂ ಬಳಸಬಹುದು. ಕೇಬಲ್ಲು ನಡುದಾರಿಯಲ್ಲಿ ತುಂಡಾದರೂ ಸವಾರನು ಗೇರು ಬದಲಿಸುತ್ತ ಮೆಲ್ಲಗೆ ಊರು ಸೇರಬಲ್ಲ. ಆದರೆ ಈ ಅನುಕೂಲವನ್ನೇ ನಂಬಿ ಸವೆದ ಕೇಬಲ್ಲನ್ನು ಹಾಗೆಯೇ ಬಿಡುವುದು ಜಾಣತನವಲ್ಲ.

ಮುಚ್ಚಳ ತೆಗೆಯುವಾಗ ಮೇಸ್ತ್ರಿ ಒಂದು ಎಚ್ಚರಿಕೆಯನ್ನು ಮರೆಯಲಾರ. "ಬಾಯಿಂದ ಊದಬೇಡ ತಮ್ಮಾ, ಒದ್ದೆ ಬಟ್ಟೆಯಿಂದ ಒರಸು." ಹಳೆಯ ಉಜ್ಜುಪಟ್ಟಿಗಳಲ್ಲಿ ಕಲ್ನಾರು ಇರುವುದುಂಟು, ಅದರ ಧೂಳು ಪುಪ್ಪುಸಕ್ಕೆ ವಿಷ. ಬಂಡೆಯ ಧೂಳನ್ನು ಉಸಿರಾಡಿ ಸಿಲಿಕೋಸಿಸಿಗೆ ತುತ್ತಾದ ಗಣಿಗಾರರ ಊರು ಇದು. ಧೂಳಿನ ಬೆಲೆ ಏನೆಂದು ಇಲ್ಲಿ ಯಾರೂ ಪುಸ್ತಕ ಓದಿ ತಿಳಿಯಬೇಕಾಗಿಲ್ಲ.

ದಿನಗೂಲಿಯವನಿಗೆ ಹೊಸ ಪ್ಲೇಟುಗಳ ಖರ್ಚು ಸಣ್ಣದಲ್ಲ. ಗಾಡಿ ಕೈಕೊಟ್ಟು ಬೆಳಗಿನ ರೈಲು ತಪ್ಪಿದರೆ ಅಂದಿನ ಕೂಲಿಯೂ ಹೋಯಿತು. ಹೊರಗಿನಿಂದ ಒಳಕ್ಕೆ, ಅಗ್ಗದಿಂದ ದುಬಾರಿಗೆ ಸಾಗುವ ಈ ಕ್ರಮ ಬರಿಯ ಕುಶಲತೆಯಲ್ಲ. ಬಡವನ ಜೇಬಿಗೆ ತೋರುವ ಮರ್ಯಾದೆ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಸಂಸ್ಥೆಯ ಕಾರ್ಖಾನೆ ಮಣ್ಣುಬಗೆಯುವ ದೊಡ್ಡ ಯಂತ್ರಗಳನ್ನು ಇಲ್ಲಿ ಇಂದಿಗೂ ತಯಾರಿಸುತ್ತಿದೆ. ಅಂಥ ಕಾರ್ಖಾನೆಯ ನೆರಳಿನಲ್ಲಿಯೇ, ಒಂದು ಸ್ಪ್ಯಾನರು, ಒಂದು ತಿರುಪುಳಿ, ಎಣ್ಣೆ ಮೆತ್ತಿದ ಒಂದು ಬಟ್ಟೆ ಹಿಡಿದು ಕುಳಿತವನ ವಿದ್ಯೆಯೂ ಬಾಳುತ್ತದೆ.

ಕೋಲಾರದ ಚಿನ್ನ ನೋಡಲು ಬರುವ ಪ್ರವಾಸಿಗೆ ಇಂದು ಕಾಣಸಿಗುವುದು ದಿಬ್ಬಗಳು, ಹಳೆಯ ಬಂಗಲೆಗಳು, ಮೌನ ತಾಳಿದ ಗಣಿಬಾಯಿಗಳು. ಮರಳುವಾಗ ಬಂಗಾರಪೇಟೆಯಲ್ಲಿಳಿದು ಅಲ್ಲಿನ ಹೆಸರಾಂತ ಪಾನಿಪುರಿ ತಿಂದು ಹೋಗುವುದು ವಾಡಿಕೆ. ಅದಕ್ಕೆ ಮೊದಲು ರಾಬರ್ಟ್‌ಸನ್‌ಪೇಟೆಯ ಬೀದಿಗಳಲ್ಲಿ ಅರ್ಧ ಗಂಟೆ ನಡೆದರೆ ನಷ್ಟವಿಲ್ಲ. ಹಳೆಯ ಯಂತ್ರವನ್ನು ಬಿಚ್ಚುವ ಮೊದಲು ಕಿವಿಗೊಟ್ಟು ಆಲಿಸುವ ಕೈಗಾರಿಕೆಯ ಮಂದಿ ಅಲ್ಲಿ ಎದುರಾದಾರು.