ಹಾಸುಹೊಕ್ಕು

ಒಂದು ಸಂಗತಿ ಎಷ್ಟು ವ್ಯಾಪಕ ಎಂದು ಹೇಳಲು ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಜ್ವರ ಹರಡುತ್ತದೆ, ಬಳ್ಳಿ ಹಬ್ಬುತ್ತದೆ, ಕೀರ್ತಿ ಪಸರಿಸುತ್ತದೆ. ಇವೆಲ್ಲ ಅಗಲಕ್ಕೆ ಚಾಚುವ ಮಾತುಗಳು. 'ಹಾಸುಹೊಕ್ಕು' ಒಳಕ್ಕೆ ಇಳಿಯುವ ಮಾತು. ಅದರ ಮೇಲೆ ನನಗೆ ಪ್ರೀತಿ ಒಂದು ಕೈ ಹೆಚ್ಚು. ಬೆಂಗಳೂರಿನ ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯದ ಕಡೆಯ ಓಣಿಗಳಲ್ಲಿ ವಿದ್ಯುತ್ ಮಗ್ಗಗಳ ಖಟಖಟ ಕೇಳುತ್ತ ಓಡಾಡಿದ್ದರಿಂದ ಅಂಟಿದ ಪ್ರೀತಿ ಅದು.

ಮಗ್ಗದ ಮುಂದೆ ನಿಂತರೆ ಪದ ತಾನಾಗಿ ಬಿಚ್ಚಿಕೊಳ್ಳುತ್ತದೆ. ಉದ್ದಕ್ಕೆ ಬಿಗಿದು ಕಟ್ಟಿದ ಎಳೆಗಳು ಹಾಸು. ಅವುಗಳಲ್ಲಿ ಅರ್ಧ ಮೇಲೆದ್ದು ಅರ್ಧ ತಗ್ಗಿದಾಗ ನಡುವೆ ಒಂದು ಸಂದಿ ತೆರೆಯುತ್ತದೆ. ಲಾಳಿ ಆ ಸಂದಿಯಲ್ಲಿ ಅಡ್ಡಕ್ಕೆ ಎಳೆದೊಯ್ಯುವ ನೂಲೇ ಹೊಕ್ಕು. ಹಣಿಗೆ ಬಂದು ಅದನ್ನು ಬಡಿದು ಕೂರಿಸುತ್ತದೆ. ಹಾಸಿದ್ದು ಹಾಸು, ಒಳಹೊಗುವುದು ಹೊಕ್ಕು. ಹಳಗನ್ನಡದಲ್ಲಿ ಇವು ಪಾಸು, ಪುಗು. ತಮಿಳು ನೇಕಾರರು ಹಾಸೆಳೆಗಳಿಗೆ ಈಗಲೂ ಪಾವು ಎನ್ನುತ್ತಾರೆ. ನಮ್ಮಲ್ಲಿ ಪಕಾರ ಹಕಾರವಾಯಿತು. ಪೊಸ ಪಳ್ಳಿ ಹೊಸಹಳ್ಳಿಯಾದದ್ದು, ಪಂಪೆ ಹಂಪೆಯಾದದ್ದು ಇದೇ ದಾರಿಯಲ್ಲಿ. ಮೆಜೆಸ್ಟಿಕ್ಕಿನಿಂದ ಮೆಟ್ರೊ ಹತ್ತಿದವರು ಹೊಸಹಳ್ಳಿ ದಾಟಿ ವಿಜಯನಗರದಲ್ಲಿ ಇಳಿದರೆ ಹಂಪಿನಗರ ಪಕ್ಕದಲ್ಲೇ ಇದೆ. ಕನ್ನಡದ ಸಾವಿರ ವರ್ಷದ ಒಂದು ಮಾರ್ಪಾಡು ನಮ್ಮ ನಿತ್ಯದ ಓಡಾಟದ ಬೋರ್ಡುಗಳಲ್ಲೇ ಬರೆದುಕೊಂಡಿದೆ.

ಈ ಸೀಮೆಗೂ ನೂಲಿಗೂ ನಂಟು ಹಳೆಯದು. ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ 1884ರಲ್ಲಿ ಶುರುವಾಯಿತು. ಜನರ ಬಾಯಲ್ಲಿ ಅದು ಬಿನ್ನಿ ಮಿಲ್ಲು. ಮಿಲ್ಲು ಮುಚ್ಚಿ ಆ ನೆಲದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಬಿನ್ನಿಪೇಟೆಯ ಹೆಸರು ಮಾತ್ರ ಅಳಿಸಲಿಲ್ಲ. ನೇಯುವವರ ಅನುಭವ ಕನ್ನಡದ ಸಾಹಿತ್ಯಕ್ಕೂ ಬೇರು: ವಚನಕಾರರಲ್ಲಿ ಹಿರಿಯನಾದ ಜೇಡರ ದಾಸಿಮಯ್ಯ ಮಗ್ಗದ ಕಾಯಕದವನು.

ಅಷ್ಟು ಮಂದಿಯ ಬೆವರು ಕುಡಿದ ಮಾತನ್ನು ನಾವೀಗ ಬಳಸುತ್ತಿರುವ ಬಗೆ ನನಗೆ ನೋವು ತರುತ್ತದೆ. ಪತ್ರಿಕೆಯಲ್ಲಿ, ಭಾಷಣದಲ್ಲಿ, ಹಾಸುಹೊಕ್ಕಾಗಿರುವುದು ಬಹುಪಾಲು ಲಂಚವೇ. ಹಾಸೆಳೆ ಕಿತ್ತರೆ ಬಟ್ಟೆ ಉಳಿಯುವುದಿಲ್ಲ. ಲಂಚ ಹಾಸುಹೊಕ್ಕಾಗಿದೆ ಎಂದವರು, ಅದು ಹೋದರೆ ಸಮಾಜವೇ ಹರಿದುಹೋದೀತು ಎಂದು ಒಪ್ಪಿದಂತಾಯಿತಲ್ಲ! ಲಂಚ ಬಟ್ಟೆಗೆ ಹತ್ತಿದ ಕಲೆ. ತಿಕ್ಕಿದರೆ ಹೋಗಬೇಕಾದದ್ದು.

ನಿಜಕ್ಕೂ ಹಾಸುಹೊಕ್ಕಾದದ್ದು ಬೇರೆ ಇದೆ. ರಾಜಾಜಿನಗರ, ಶ್ರೀರಾಮಪುರದ ಕಡೆ ಸೊಪ್ಪು ಮಾರುವ ಅಮ್ಮ ಒಂದೇ ಉಸಿರಿನಲ್ಲಿ ಕನ್ನಡದಲ್ಲಿ ಬೆಲೆ ಹೇಳಿ, ತಮಿಳಿನಲ್ಲಿ ಚೌಕಾಸಿ ಮಾಡಿ, ತೆಲುಗಿನಲ್ಲಿ ಮಗನನ್ನು ಕರೆಯುತ್ತಾರೆ. ಅಲ್ಲಿ ಯಾವ ಎಳೆ ಎಳೆದರೂ ಬದುಕು ಬಿಚ್ಚಿಹೋಗುತ್ತದೆ.

ಬರೆಯುವವರಲ್ಲಿ, ಮಾತನಾಡುವವರಲ್ಲಿ ನನ್ನದೊಂದು ಕೋರಿಕೆ. ಲಂಚಕ್ಕೆ, ಕೊಳಕಿಗೆ 'ಹರಡಿದೆ' ಎನ್ನಿ, 'ಹಬ್ಬಿದೆ' ಎನ್ನಿ. ಹಾಸುಹೊಕ್ಕನ್ನು ನಮ್ಮನ್ನು ಒಟ್ಟಿಗೆ ಹಿಡಿದಿರುವ ಸಂಗತಿಗಳಿಗೆ ಉಳಿಸಿಕೊಡಿ.