ಕೊನೇ ಲಾಂಚು ಮತ್ತು ಉಪ್ಪಿನಕಾಯಿ ಭರಣಿ

"ಮದುಮಗ ಎಲ್ಲಿ?"

ದೊಡ್ಡಪ್ಪ ಕೇಳಿದ್ದು ಇಷ್ಟೇ. ತಲೆ ಮೇಲೆ ಟ್ರಂಕು, ಸೊಂಟದ ಮೇಲೆ ಮಕ್ಕಳು, ಕೈಯಲ್ಲಿ ಚಪ್ಪಲಿ ಹಿಡಿದು ಹೊಳೆಬಾಗಿಲಿನ ಕೆಸರಿನಲ್ಲಿ ಲಾಂಚಿನ ಕಡೆ ಇಳಿಯುತ್ತಿದ್ದ ನಮ್ಮ ಇಡೀ ದಿಬ್ಬಣ ಇದ್ದಲ್ಲೇ ನಿಂತಿತು. ಜೀಪಿನಲ್ಲಿ ಬಂದವರು ಟೆಂಪೋದವರ ಮುಖ ನೋಡಿದರು. ಟೆಂಪೋದವರು ಜೀಪಿನವರ ಮುಖ ನೋಡಿದರು. "ನಿಮ್ಮ ಜೊತೆ ಇರ್ಲಿಲ್ವಾ?" ಎಂಬ ಪ್ರಶ್ನೆ ಎರಡೂ ಕಡೆಯಿಂದ ಒಟ್ಟಿಗೇ ಹೊರಟು, ನಡುವೆ ಡಿಕ್ಕಿ ಹೊಡೆದು, ಉತ್ತರವಿಲ್ಲದೆ ಕೆಸರಿಗೆ ಬಿತ್ತು.

ಪಡುವಣ ದಿಕ್ಕಿನಲ್ಲಿ ಮೋಡ ಕಪ್ಪಿಟ್ಟಿತ್ತು. ಎದುರಿಗಿದ್ದದ್ದು ಆ ದಿನದ ಕೊನೇ ಲಾಂಚು. ಮುಹೂರ್ತ ಮರುದಿನ ಬೆಳಿಗ್ಗೆ, ಹುಡುಗಿಯ ಮನೆ ನೀರಿನಾಚೆ.

ನೀರಿನಾಚೆ ಅಂದರೆ ಏನೆಂದು ಸಾಗರದ ಕಡೆಯವರಿಗೆ ವಿವರಿಸಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಹಿಂದಕ್ಕೆ ಹರಡಿದಾಗ ತುಮರಿ, ಸಿಗಂದೂರು, ಕರೂರು ಹೋಬಳಿಯ ಊರುಗಳೆಲ್ಲ ಆ ಕಡೆ ಉಳಿದವು, ತಾಲ್ಲೂಕು ಕಚೇರಿ, ಆಸ್ಪತ್ರೆ, ಬಟ್ಟೆ ಅಂಗಡಿ ಈ ಕಡೆ ಉಳಿದವು. ನಡುವೆ ಅಂಬಾರಗೋಡ್ಲಿನ ಈ ಹೊಳೆಬಾಗಿಲಿನಿಂದ ಕಳಸವಳ್ಳಿಗೆ ಲಾಂಚು. ಅದು ತಪ್ಪಿದರೆ ಹೊಸನಗರದ ಮೇಲೆ ಹಾದು, ನಗರ, ನಿಟ್ಟೂರು ಅಂತ ಕಾಡು ಸುತ್ತಿಕೊಂಡು ಹೋಗಬೇಕಿತ್ತು. ಆ ರಸ್ತೆಯಲ್ಲಿ, ಆ ಜೀಪಿನಲ್ಲಿ, ಆ ಮಳೆಯಲ್ಲಿ ಹೊರಟರೆ ಮುಹೂರ್ತವಿರಲಿ, ಮೊದಲ ಮಗುವಿನ ನಾಮಕರಣಕ್ಕೆ ಮುಟ್ಟಿದರೆ ಪುಣ್ಯ.

ಅದು ಮೇ ತಿಂಗಳ ಕೊನೆ. ಅಣೆಕಟ್ಟಿನ ತುಂಬುಮಟ್ಟ 1819 ಅಡಿ. ಅಷ್ಟು ನೀರಿದ್ದಾಗ ದಡ ರಸ್ತೆಯ ಬುಡಕ್ಕೇ ಬಂದಿರುತ್ತದೆ. ಬೇಸಿಗೆಯಲ್ಲಿ ನೀರು ಜಾರುತ್ತಾ ಜಾರುತ್ತಾ ಎಲ್ಲೋ ಕೆಳಗೆ ಹೋಗಿ, ಮುಳುಗಿದ ಕಾಡಿನ ಬೊಡ್ಡೆಗಳು ಮೇಲೆದ್ದು, ಬಿರುಕುಬಿಟ್ಟ ಕೆಮ್ಮಣ್ಣಿನ ಇಳಿಜಾರು ಹಾಸಿಕೊಳ್ಳುತ್ತದೆ. ನೀರು ತೀರಾ ತಗ್ಗಿದರೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ಹಾಗಾಗಿ ಜೀಪು, ಟೆಂಪೋ ಎರಡೂ ಮೇಲೇ ಉಳಿದು, ಮದುವೆಯ ಸರಂಜಾಮೆಲ್ಲ ನಮ್ಮ ತಲೆಗೆ ಬಂದಿತ್ತು. ಮಧ್ಯಾಹ್ನದ ಒಂದು ಮಳೆ ಇಳಿಜಾರನ್ನು ನುಣ್ಣಗೆ ಕಲಸಿಟ್ಟಿತ್ತು. ಮೊದಲು ಜಾರಿದ್ದು ಭಾವ. ಅವರನ್ನು ಹಿಡಿಯಲು ಹೋಗಿ ಜಾರಿದ್ದು ಅಕ್ಕ. ಇಬ್ಬರನ್ನೂ ನೋಡಿ ನಕ್ಕು ಜಾರಿದ್ದು ಪುರೋಹಿತರು. ದೊಡ್ಡಪ್ಪನ ಹಠಕ್ಕೆ ತಂದಿದ್ದ ಹಲಸಿನ ಹಣ್ಣು (ಹುಡುಗಿಯ ಮನೆಯ ಹಿಂದೆ ಹಲಸಿನ ತೋಪೇ ಇದೆ, ಆದರೂ "ನಮ್ಮ ಮರದ್ದರ ರುಚಿ ಬೇರೆ") ಯಾರ ಸಹಾಯವೂ ಇಲ್ಲದೆ ಉರುಳಿಕೊಂಡು ಎಲ್ಲರಿಗಿಂತ ಮೊದಲು ಲಾಂಚು ತಲುಪಿತು.

ಎಲ್ಲ ಬಂದಿತ್ತು, ಮದುಮಗನೊಬ್ಬ ಬಿಟ್ಟು.

ಇದು ನಮ್ಮಂಥ ದೊಡ್ಡ ಸಂಸಾರದ ಹಳೇ ರೋಗ. ನಾಲ್ಕು ಜನರ ಮನೆಯಲ್ಲಿ ಒಬ್ಬ ಕಾಣದಿದ್ದರೆ ತಟ್ಟೆ ಖಾಲಿ ಕಾಣುತ್ತದೆ. ನಲವತ್ತು ಜನರ ಮನೆಯಲ್ಲಿ ಇಲ್ಲದವನು ಪಕ್ಕದ ಪಂಕ್ತಿಯಲ್ಲಿರುತ್ತಾನೆ, ಇನ್ನೊಂದು ಗಾಡಿಯಲ್ಲಿರುತ್ತಾನೆ. ಯಾರೋ ನೋಡಿಕೊಂಡಿರುತ್ತಾರೆ. ಆ 'ಯಾರೋ' ಎಂಬ ಮನುಷ್ಯನೇ ನಮ್ಮ ಮನೆಯನ್ನು ಮೂರು ತಲೆಮಾರಿನಿಂದ ನಡೆಸಿಕೊಂಡು ಬಂದಿದ್ದಾನೆ.

ಮದುಮಗ ಆವಿನಹಳ್ಳಿಯಲ್ಲಿದ್ದಾನೆಂದು ಪತ್ತೆಯಾಯಿತು. ಹೊಟ್ಟೆ ಗುಡುಗುಡು ಅನ್ನುತ್ತದೆ, ಒಂದು ಸೋಡಾ ಕುಡಿದು ಬರುತ್ತೇನೆ ಅಂತ ಟೆಂಪೋದಿಂದ ಇಳಿದಿದ್ದನಂತೆ. ನೋಡಿದ್ದು ಚಿಕ್ಕತ್ತೆಯ ಐದು ವರ್ಷದ ಮಗ ಒಬ್ಬನೇ. "ಆಗ್ಲೇ ಎಂತಕ್ಕೆ ಹೇಳ್ಲಿಲ್ಲ?" ಎಂದು ಎಲ್ಲರೂ ಮೈಮೇಲೆ ಬಿದ್ದರೆ, "ನೀವೇ ಬಾಯಿ ಮುಚ್ಕಂಡು ಕೂತ್ಕ ಅಂದಿದ್ರಿ" ಅಂದ. ನ್ಯಾಯವಾದ ಮಾತು.

ಸಣ್ಣಚಿಕ್ಕಪ್ಪ ಕೆಸರಿನಲ್ಲಿ ನಾಲ್ಕು ಕಾಲಿನಲ್ಲೇ ಹತ್ತಿ ಜೀಪಿಗೆ ಹಾರಿದ. ಅವನು ತಿರುಗಿ ಬರುವವರೆಗೆ ಲಾಂಚು ನಿಲ್ಲಬೇಕಲ್ಲ? ನಿಲ್ಲಿಸುವವರು ಯಾರು? ದೊಡ್ಡಪ್ಪ ಕೈ ಮುಗಿದರು. ಪುರೋಹಿತರು ಶಾಸ್ತ್ರ ಹೇಳಿದರು. ಭಾವ ಪಂಚಾಯ್ತಿ ಮೆಂಬರ್ ಒಬ್ಬರ ಹೆಸರು ಹೇಳಿದರು. ಲಾಂಚಿನವರು ಮೋಡ ತೋರಿಸಿದರು. ಗಾಳಿ ಎದ್ದರೆ ದಾಟಿಸುವುದು ಕಷ್ಟ, ಆ ಕಡೆ ಹೋಗಿ ಕಟ್ಟಬೇಕು, ಬೇರೆ ಜನವೂ ಕಾಯ್ತಾ ಇದ್ದಾರೆ. ಅವರದ್ದೂ ಸುಳ್ಳಲ್ಲ.

ಹಗ್ಗ ಬಿಚ್ಚಿದರು. ಎಂಜಿನ್ ಗುಡುಗುಟ್ಟಿತು. ಹಲಗೆ ಎತ್ತಲು ಒಬ್ಬ ಬಗ್ಗಿದ.

ಹಲಗೆಯ ಮೇಲೆ ಅಮ್ಮಮ್ಮ ಕೂತಿದ್ದರು.

ಅರ್ಧ ದಡದಲ್ಲಿ, ಅರ್ಧ ಲಾಂಚಿನಲ್ಲಿ, ಸರಿಯಾಗಿ ನಟ್ಟನಡುವೆ. ಕಾಲು ಚಾಚಿ, ಕವಳದ ಸಂಚಿ ಬಿಚ್ಚಿ, ಒಂದೊಂದೇ ಎಲೆ ತೊಡೆಗೆ ಒರೆಸುತ್ತಿದ್ದರು.

"ಅಮ್ಮಾ, ಏಳಿ. ಹೊರಡ್ಬೇಕು."

"ಮಂಡಿ ಹಿಡ್ಕಂಡಿದೆ ತಮಾ. ಏಳಕ್ಕೆ ಬರ್ತಿಲ್ಲ."

"ಎತ್ತಿ ಒಳಗೆ ಕೂರಿಸ್ತೀವಿ."

"ಮುಟ್ಟಿದ್ರೆ ಜೀವ ಹೋಗ್ತದೆ. ಸ್ವಲ್ಪ ತಡಿ. ಅಡಿಕೆ ಹಾಕಿದ್ರೆ ಸಡಿಲ ಆಗ್ತದೆ."

ಅಡಿಕೆ ಕತ್ತರಿಸುವುದಾಯಿತು. ಸುಣ್ಣ ಹಚ್ಚುವುದಾಯಿತು. ಮಂಡಿ ಸಡಿಲಾಗಲಿಲ್ಲ. ಮೊದಲ ಗುಡುಗು ಬಿದ್ದಾಗ ಲಾಂಚಿನವನ ದನಿ ಏರಿತು. ಆಗ ಅಮ್ಮಮ್ಮ ತಲೆಯೆತ್ತಿ, ನೀರಿನ ಕಡೆ ಕೈ ಚಾಚಿ, ನಿಧಾನವಾಗಿ ಹೇಳಿದರು: "ಇದರ ಅಡಿಗೆ ನನ್ನ ತವರುಮನೆ ಇದೆ ತಮಾ. ನನ್ನ ಅಪ್ಪನ ಅಂಗಳದಿಂದ ನನ್ನನ್ನ ಏಳಿಸ್ತೀಯಾ?"

ಲಾಂಚಿನವನು ಹಲಗೆ ಬಿಟ್ಟು ಸುಮ್ಮನೆ ನಿಂತ. ಕಾಯುತ್ತಿದ್ದ ಪ್ರಯಾಣಿಕರಲ್ಲಿ ಇಬ್ಬರು ಟೋಪಿ ತೆಗೆದರು. ಆ ದಡದಲ್ಲಿ ಈ ಮಾತಿಗೆ ಎದುರಾಡುವವರಿಲ್ಲ. ಗದ್ದೆ, ತೋಟ, ದೇವರು, ಸ್ಮಶಾನ ಎಲ್ಲವನ್ನೂ ನೀರಿಗೆ ಬಿಟ್ಟು ಎದ್ದುಬಂದ ಮನೆಗಳ ಮಕ್ಕಳು, ಮೊಮ್ಮಕ್ಕಳೇ ಅಲ್ಲಿ ದಿನಾ ಓಡಾಡುವವರು. ಅಮ್ಮಮ್ಮನ ತವರು ಮಾತ್ರ ಸಿದ್ದಾಪುರದ ಹತ್ತಿರ, ಗುಡ್ಡದ ನೆತ್ತಿಯ ಮೇಲೆ. ಬಾವಿಯ ನೀರೂ ಏಪ್ರಿಲ್‌ಗೆ ಬತ್ತುವ ಊರು. ನಾವ್ಯಾರೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಮೇಲೆ ಜೀಪಿನ ಹಾರ್ನ್. ಮದುಮಗ ಓಡಿಬಂದ! ಪಂಚೆ ಎತ್ತಿ ಕಟ್ಟಿ, ಮೈಸೂರು ಪೇಟವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇಳಿಜಾರಿಗೆ ಬಂದವನು ಅಲ್ಲಿಂದ ಮುಂದಕ್ಕೆ ಓಡಲಿಲ್ಲ, ಬಂದ. ಕಾಲು ಒಮ್ಮೆ, ಬೆನ್ನು ಒಮ್ಮೆ, ಪಕ್ಕೆ ಒಮ್ಮೆ. ಅರ್ಧ ದಾರಿಯಲ್ಲಿ ಒಂದು ಬೊಡ್ಡೆಯನ್ನು ತಬ್ಬಿ ನಿಂತ. ಆ ಬೊಡ್ಡೆಯ ಮೇಲೆ ಏನೋ ಇತ್ತು. ಅದನ್ನು ಕಂಕುಳಿಗೆ ಸೇರಿಸಿಕೊಂಡು ಮತ್ತೆ ಜಾರಿದ. ಅಮ್ಮಮ್ಮ ಯಾರ ಕೈಯನ್ನೂ ಹಿಡಿಯದೆ ಟಕ್ಕನೆ ಎದ್ದು ಒಳಗೆ ಹೋಗಿ ಕೂತರು. ಹಲಗೆ ಎದ್ದಿತು. ದಡ ಬಿಟ್ಟೆವು.

ಉಸಿರು ಬಿಡಲೂ ಪುರುಸೊತ್ತಾಗಲಿಲ್ಲ, ಗಾಳಿ ಹೊಡೆಯಿತು.

ಹಿನ್ನೀರಿನ ಗಾಳಿ ಅಡ್ಡಡ್ಡ ಬರುತ್ತದೆ. ಮೊದಲ ಏಟಿಗೇ ಛತ್ರಿಗಳು ಮೇಲ್ಮುಖವಾದವು. ಎರಡನೆಯದಕ್ಕೆ ಮದುಮಗನ ಪೇಟ ಹಾರಿತು. ಜರಿಯಂಚು ಒಮ್ಮೆ ಮಿಂಚಿ, ನೀರಿನ ಮೇಲೆ ಎರಡು ಸುತ್ತು ಹಾಕಿ, ಮಡೆನೂರು ಅಣೆಕಟ್ಟಿನ ದಿಕ್ಕಿಗೆ ಹೊರಟುಹೋಯಿತು. ಆ ಅಣೆಕಟ್ಟು 1948ರದ್ದು, ಲಿಂಗನಮಕ್ಕಿಯ ನೀರು ಅದನ್ನೂ ನುಂಗಿದೆ, ಬೇಸಿಗೆಯಲ್ಲಿ ನೀರಿಳಿದಾಗ ಮೇಲೆ ಕಾಣುತ್ತದೆ. ಪೇಟ ಇನ್ನೂ ಕಂಡಿಲ್ಲ. "ಹೋದ್ರೆ ಹೋಗ್ಲಿ, ನೀನು ಎಂಜಿನ್ ಮರೆಗೆ ಕೂತ್ಕ, ಜ್ವರ ಬಂದ್ರೆ ನಾಳೆ ಯಾರನ್ನ ಕೂರ್ಸದು?" ಎಂದು ದೊಡ್ಡಮ್ಮ ಅವನನ್ನು ಹಿಂದಕ್ಕೆ ಅಟ್ಟಿದರು. ನಂತರ ಎಲ್ಲರೂ ಅವನನ್ನು ಮತ್ತೊಮ್ಮೆ ಮರೆತರು. ಮಳೆ ಬಂತು ನೋಡಿ, ಎದುರಿನವರ ಮುಖ ಕಾಣದಂಥ ಮಳೆ. ಲಾಂಚು ಎಡಕ್ಕೆ ವಾಲಿದರೆ ಹಲಸಿನ ಹಣ್ಣು ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಅದರ ಹಿಂದೆ ದೊಡ್ಡಪ್ಪ, ದೊಡ್ಡಪ್ಪನ ಪಂಚೆ ಹಿಡಿದು ಮಕ್ಕಳು. ಭಾವ ಕಂಬಿ ಹಿಡಿದು ನೀರಿಗೆ ಬಗ್ಗಿ ಮಧ್ಯಾಹ್ನದ ಊಟದ ಲೆಕ್ಕ ಒಪ್ಪಿಸುತ್ತಿದ್ದರು.

ಆಗಲೇ ಪುರೋಹಿತರಿಗೆ ಕೇಳಬೇಕೆನಿಸಬೇಕೆ? "ಮಾಂಗಲ್ಯ ಒದ್ದೆ ಆಗಿಲ್ಲ ಅಲ್ವಾ?"

ದೊಡ್ಡತ್ತೆ ಸೊಂಟ ಮುಟ್ಟಿಕೊಂಡರು. ಚೀಲ ಮುಟ್ಟಿದರು. ಮುಖ ಬಿಳಿಚಿತು.

ನಾವು ಟ್ರಂಕು ಬಿಚ್ಚಿದೆವು. ಧಾರೆ ಸೀರೆ ಒದರಿದೆವು. ಅವಲಕ್ಕಿ ಡಬ್ಬಿಗೆ ಕೈ ಹಾಕಿದೆವು. ಮಕ್ಕಳ ಜೇಬು ಮಗುಚಿದರೆ ಗೇರುಬೀಜ, ಗೋಲಿ, ಒಂದು ಜೀವಂತ ಏಡಿ ಬಂತು. ಏಡಿ ಹೆಂಗಸರ ನಡುವೆ ಇಳಿದು ಲಾಂಚಿನ ಸಮತೋಲವನ್ನು ಗಾಳಿಗಿಂತ ಹೆಚ್ಚು ಕೆಡಿಸಿತು. ದೊಡ್ಡತ್ತೆ ಮಾತ್ರ ಅಲ್ಲಾಡದೆ ನಿಂತಿದ್ದರು. ಕೊನೆಗೆ ಸಣ್ಣ ದನಿಯಲ್ಲಿ ಹೇಳಿದರು: "ಭರಣಿ ಎಲ್ಲಿ?"

"ಯಾವ ಭರಣಿ?"

"ಅಪ್ಪೆಮಿಡಿ ಭರಣಿ. ಅದರ ಬಾಯಿಗೆ ಎರಡು ಪದರದ ಬಟ್ಟೆ ಕಟ್ಟಿದ್ದೆ. ನಡುವೆ ತಾಳಿ ಇಟ್ಟು ಸುತ್ತ ಹೊಲಿಗೆ ಹಾಕಿದ್ದೆ. ಕಳ್ಳ ಟ್ರಂಕು ಒಡೀತಾನೆ, ಉಪ್ಪಿನಕಾಯಿಗೆ ಕೈ ಹಾಕಲ್ಲ ಅಂತ."

ಮಲೆನಾಡಿನ ಕಳ್ಳರ ಬಗ್ಗೆ ಅವರ ತಿಳಿವಳಿಕೆ ಅಷ್ಟೇ. ಆ ಚರ್ಚೆಗೆ ಅದು ಹೊತ್ತಲ್ಲ. ಭರಣಿ ಹೊತ್ತಿದ್ದು ನನ್ನ ಅಣ್ಣ. ಅವನು ಕೊಟ್ಟಿದ್ದು ಚಿಕ್ಕತ್ತೆಯ ಮಗಳ ಕೈಗೆ. ಅವಳು ಜಾರಿ ಬಿದ್ದ ಅಕ್ಕನನ್ನು ಎತ್ತಲು ಹೋಗುವಾಗ ಇಟ್ಟದ್ದು ದಡದ ಬೊಡ್ಡೆಯ ಮೇಲೆ. ಆಮೇಲೆ? ಆಮೇಲೆ ಯಾರೋ ತಂದಿರುತ್ತಾರೆ.

ಎಲ್ಲರೂ ಹಿಂದಿರುಗಿ ನೋಡಿದರೆ ದಡವೇ ಇರಲಿಲ್ಲ, ಬರೀ ಮಳೆ. ಪುರೋಹಿತರು ಅರಿಶಿನದ ಕೊಂಬಿನ ಮಾತು ತೆಗೆದರು. ದೊಡ್ಡತ್ತೆ ಅಳಲು ಶುರುಮಾಡಿದರು. ಅವರನ್ನು ನೋಡಿ ಏಡಿ ಕಳೆದುಕೊಂಡವನೂ ಅತ್ತ.

ಈಗ ಅಲ್ಲಿ ಅಳಲೂ ಹೊತ್ತು ಸಾಲದು. 2025ರ ಜುಲೈ 14ರಂದು ಉದ್ಘಾಟನೆಯಾದ ಸೇತುವೆ 2.44 ಕಿ.ಮೀ. ಉದ್ದವಿದೆ, ಗೋಪುರದಿಂದ ಇಳಿಬಿಟ್ಟ ಕೇಬಲ್‌ಗಳ ಮೇಲೆ ನಿಂತಿದೆ. ಕಾರಿನಲ್ಲಿ ಕೂತವರು ಫೋಟೋ ತೆಗೆಯುವಷ್ಟರಲ್ಲಿ ಕಳಸವಳ್ಳಿ ಬಂದುಬಿಡುತ್ತದೆ. ರಾತ್ರಿ ಹೆರಿಗೆ ನೋವು ಬಂದರೆ ಬೆಳಗಿನ ಲಾಂಚಿಗೆ ಕಾಯುತ್ತಿದ್ದ ಊರಿಗೆ ಅದು ಎಂದೋ ಆಗಬೇಕಿತ್ತು. ಲಾಂಚು ಹೋಯಿತಲ್ಲ ಅಂತ ದೂರದಲ್ಲಿ ಕೂತು ನಿಟ್ಟುಸಿರು ಬಿಡುವವರು ಅದರಲ್ಲಿ ನಮ್ಮ ದೊಡ್ಡತ್ತೆಯ ಜೊತೆ ಒಂದು ಸಲ ದಾಟಿದವರಲ್ಲ.

ನಡುನೀರಿನಲ್ಲಿ ಆ ಗದ್ದಲದ ಒಳಗೆ ಅಮ್ಮಮ್ಮ ಮಾತ್ರ ಮೂಗು ಅರಳಿಸಿ ಗಾಳಿ ಮೂಸುತ್ತಿದ್ದರು.

"ಅಪ್ಪೆಮಿಡಿ ವಾಸನೆ."

"ಅಮ್ಮಾ, ಈಗ ಸುಮ್ನಿರು."

"ಸೊನೆ ವಾಸನೆ ನನಗೆ ಗೊತ್ತಾಗಲ್ವಾ? ಎಂಜಿನ್ ಕಡೆಯಿಂದ ಬರ್ತಾ ಇದೆ."

ಇಡೀ ದಿಬ್ಬಣ ಎಂಜಿನ್ ಮರೆಗೆ ನುಗ್ಗಿತು. ಅಲ್ಲಿ ಹಗ್ಗದ ಸಿಂಬಿಯ ಮೇಲೆ ಮದುಮಗ ಕೂತಿದ್ದ. ಎರಡು ಮೊಣಕಾಲ ನಡುವೆ ಭರಣಿ. ಕೈ ಮಣಿಕಟ್ಟಿನವರೆಗೂ ಕೆಂಪು, ಬಾಯಲ್ಲಿ ಒಂದು ಮಿಡಿ. ಬೆಳಗಿನಿಂದ ಅವನ ಹೊಟ್ಟೆಗೆ ಸೋಡಾ ಬಿಟ್ಟರೆ ಏನೂ ಬಿದ್ದಿರಲಿಲ್ಲ. ಬೊಡ್ಡೆಯ ಮೇಲೆ ಭರಣಿ ಕಂಡಿತು, ಮನೆಯದೇ ಅಂತ ಗುರುತು ಹತ್ತಿತು, ತಂದ.

"ಬಟ್ಟೆ? ಬಟ್ಟೆ ಎಲ್ಲಿ ಹಾಕ್ದೆ?" ದೊಡ್ಡತ್ತೆ ಅವನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು. ಮಿಡಿ ಗಂಟಲಿಗೆ ಸಿಕ್ಕಿ ಅವನಿಗೆ ಮಾತು ಹೊರಡಲಿಲ್ಲ. ನೀರಿನ ಕಡೆ ಬೆರಳು ಮಾಡಿದ. ಎದೆ ಧಸಕ್ಕೆಂದಿತು. ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ ಆ ಬೆರಳನ್ನು ತನ್ನ ನೆತ್ತಿಗೆ ತಿರುಗಿಸಿದ. ಪೇಟ ನೀರಿಗೆ ಹೋಯಿತು, ಮಳೆಗೆ ತಲೆ ನೆನೆಯುತ್ತದೆ ಅಂತ, ಅದನ್ನೇ ಮಡಚಿ ತಲೆಗೆ ಕಟ್ಟಿಕೊಂಡಿದ್ದ.

ಹಳದಿ ಕಲೆಯ ಬಿಳಿ ಬಟ್ಟೆ, ಅಂಚಿನಲ್ಲಿ ಕೆಂಪು ದಾರದ ಹೊಲಿಗೆ. ಹಣೆಯ ಮೇಲೆ ಎರಡು ಸಣ್ಣ ಉಬ್ಬು.

"ಆವಾಗಿಂದ ಎಂತದೋ ಚುಚ್ತಾ ಇತ್ತು" ಅಂದ.

ದೊಡ್ಡತ್ತೆ ಅದನ್ನು ಬಿಚ್ಚಲು ಬಿಡಲಿಲ್ಲ. ದಡ ಸಿಗುವವರೆಗೂ ಅವನು ಅಲ್ಲಾಡಕೂಡದೆಂದು ಎರಡು ಕೈಯಿಂದ ಅವನ ತಲೆ ಒತ್ತಿ ಹಿಡಿದೇ ಕೂತರು. ಕಳಸವಳ್ಳಿಯಲ್ಲಿ ಗ್ಯಾಸ್‌ಲೈಟು, ವಾದ್ಯ, ಆರತಿ ತಟ್ಟೆಯೊಂದಿಗೆ ಕಾಯುತ್ತಿದ್ದ ಹೆಣ್ಣಿನ ಕಡೆಯವರು ಮೊದಲು ಕಂಡದ್ದು ಆ ಮೆರವಣಿಗೆಯನ್ನೇ: ಮುಂದೆ ಹಲಸಿನ ಹಣ್ಣು ಹೊತ್ತ ದೊಡ್ಡಪ್ಪ, ಹಿಂದೆ ಮೈಯೆಲ್ಲ ಕೆಸರಾಗಿ, ಉಪ್ಪಿನಕಾಯಿ ಬಟ್ಟೆ ಸುತ್ತಿಕೊಂಡ ಮದುಮಗ, ಅವನ ತಲೆ ಬಿಡದ ಸೋದರತ್ತೆ. ನಮ್ಮ ಕಡೆ ಹೀಗೊಂದು ಪದ್ಧತಿ ಇರಬಹುದೆಂದು ಭಾವಿಸಿ ಹುಡುಗಿಯ ಅಪ್ಪ ಆ ಬಟ್ಟೆಗೂ ಒಂದು ಬೊಟ್ಟು ಕುಂಕುಮ ಇಟ್ಟರು.

ಕಾಲು ತೊಳೆದು, ಪಾನಕ ಕೊಟ್ಟು, ಚಾಪೆ ಹಾಸಿದ ಮೇಲೆ ದೊಡ್ಡಪ್ಪ ಬಾಗಿಲಲ್ಲಿ ನಿಂತು ತಲೆ ಎಣಿಸಿದರು. ಲೆಕ್ಕಕ್ಕಿಂತ ಒಬ್ಬ ಹೆಚ್ಚಿದ್ದ. ಸಿಗಂದೂರಿಗೆ ಹರಕೆ ತೀರಿಸಲು ಹೊರಟಿದ್ದ ಭಟ್ಕಳದ ಕಡೆಯ ಒಬ್ಬ ಮುದುಕರು, ಜಡಿಮಳೆಯಲ್ಲಿ ನಮ್ಮ ಗುಂಪಿನ ಜೊತೆ ಇಳಿದವರು, ಆಗಲೇ ಎರಡನೇ ಲೋಟ ಪಾನಕ ಮುಗಿಸಿ ಅಮ್ಮಮ್ಮನ ಸಂಚಿಯಿಂದ ಕವಳ ಹಾಕಿಕೊಳ್ಳುತ್ತಿದ್ದರು. ಯಾರ ಕಡೆಯವರು ಅಂತ ಕೇಳಿದ್ದಕ್ಕೆ ಅಮ್ಮಮ್ಮ, "ನನ್ನ ತವರಿನ ಕಡೆಯವರು" ಅಂದರು. ದೊಡ್ಡಪ್ಪ ಇನ್ನೊಂದು ಚಾಪೆ ತರಲು ಹೋದರು.